ಮುಂದಾಳಿಗೆ ಕೊನೆಯ ಹೊಲ ಕಾಣಬೇಕು

ಮುಂದಾಳುತನ ಎಂದರೆ ಭಾಷಣ, ಮುಂದಿನ ಸಾಲಿನ ಕುರ್ಚಿ ಎಂದುಕೊಂಡವರೇ ಹೆಚ್ಚು. ನೀರಾವರಿ ಸೀಮೆಯಲ್ಲಿ ಅದರ ಅಳತೆ ಬೇರೆ. ತೂಬಿನ ಬಳಿ ನಿಂತವನಿಗೆ ಕಾಲುವೆಯ ಕೊನೆಯ ಹೊಲ ಕಾಣುತ್ತದೆಯೇ? ಈ ವರ್ಷದ ಬೆಳೆಯ ಆಚೆಗೆ ಏನಾದರೂ ಕಾಣುತ್ತದೆಯೇ? ನಾನು ಸಿಂಧನೂರು ಕಡೆ ಭತ್ತ ಬೆಳೆಯುವವನು. ಉದಾಹರಣೆಗೆ ದೂರ ಹೋಗಬೇಕಾಗಿಲ್ಲ.

ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿತ್ತು, 1953ರಲ್ಲಿ ನೀರು ನಿಂತಿತು. ಎಡದಂಡೆ ಕಾಲುವೆ ಯೋಜಿಸಿದವರ ಲೆಕ್ಕ ಹೀಗಿತ್ತು: ಇದು ಬರದ ಸೀಮೆ, ಇದ್ದ ನೀರು ಆದಷ್ಟು ಹೆಚ್ಚು ಹೊಲಕ್ಕೆ ಮುಟ್ಟಬೇಕು. ಜೋಳ, ಹತ್ತಿ, ಶೇಂಗಾಕ್ಕೆ ಹೆಚ್ಚು ಪಾಲು, ಭತ್ತಕ್ಕೆ ಸ್ವಲ್ಪವೇ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂದೂ ಗೊತ್ತು ಮಾಡಿದ್ದರು. ದೂರ ನೋಡಿದ ಯೋಜನೆ, ಒಪ್ಪೋಣ. ಆದರೆ ತೂಬಿನ ಬಳಿ ನಿಂತು ಅದನ್ನು ನಡೆಸುವವರು ತಯಾರಾಗಲಿಲ್ಲ. ಮೇಲ್ಭಾಗದಲ್ಲಿ ನೀರು ಧಾರಾಳ, ಭತ್ತಕ್ಕೆ ಮಾರಾಟ ಖಾತ್ರಿ. ಜೋಳ ಬಿತ್ತು ಅಂದ್ರೆ ಯಾರು ಕೇಳ್ತಾರೆ? ಒಂದು ಎಕರೆ ಭತ್ತದ ನೀರಲ್ಲಿ ಎರಡು ಎಕರೆಗೂ ಮಿಕ್ಕಿ ಜೋಳ ಆಗುತ್ತದೆ. ಸಿಂಧನೂರು ಹಸಿರಾಯಿತು, ಮಾನ್ವಿ, ರಾಯಚೂರಿನ ಟೇಲೆಂಡಿನವರು ನೀರಿಗಾಗಿ ಮತ್ತೆ ಮತ್ತೆ ಬೀದಿಗಿಳಿಯುವಂತಾಯಿತು.

ಜಲಾಶಯವೂ ಅಂದಿನಂತಿಲ್ಲ. 133 ಟಿಎಂಸಿ ಹಿಡಿಯುತ್ತಿದ್ದದ್ದು ಹೂಳಿನಿಂದ 105ರ ಸುಮಾರಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಚೈನು ತುಂಡಾಗಿ 19ನೇ ಗೇಟು ಕೊಚ್ಚಿಹೋಯಿತು. ಅಡ್ಡ ಇಳಿಸುವ ಸ್ಟಾಪ್‌ಲಾಗನ್ನು ಆಮೇಲೆ ಮಾಡಿಸಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಒಂದು ವಾರದಲ್ಲಿ ಅದನ್ನು ಕೂರಿಸಿದ್ದು ನಮ್ಮ ಪುಣ್ಯ. ಡ್ಯಾಮು ಕಟ್ಟುವವರಿಗೆ ಬೇಕಾದ ದೂರದೃಷ್ಟಿ, ಚೈನು ನೋಡಿಕೊಳ್ಳುವವರಿಗೂ ಬೇಕಲ್ಲ!

ಇದನ್ನೆಲ್ಲ ಬರೆಯುತ್ತಿರುವುದು ಲಿಂಗಸುಗೂರು, ಮಸ್ಕಿಯ ಗೆಳೆಯರಿಗಾಗಿ. ನಾರಾಯಣಪುರ ಬಲದಂಡೆಯ ನೀರು ಲಿಂಗಸುಗೂರು ಸೀಮೆಗೆ ಬಂದಿದೆ. ಮಸ್ಕಿ ಭಾಗದ ರೈತರು ಅದರ 5ಎ ಕಾಲುವೆಗಾಗಿ 2020ರ ಕೊನೆಯಿಂದ ಪಾಮನಕಲ್ಲೂರಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು. ನೀರು ಕೇಳುವುದು ನ್ಯಾಯವೇ. ಆದರೆ ಹೋರಾಟದ ಮುಂದಾಳು ಇನ್ನೊಂದು ಸಭೆಯನ್ನೂ ಕರೆಯಬೇಕು: ಯಾವ ಬೆಳೆ, ಮೊದಲ ಸರದಿ ಯಾರಿಗೆ, ಹೂಳು ತೆಗೆಯೋರು ಯಾರು? ನೀರು ಬಂದ ಮೇಲೆ ಈ ಸಭೆಗೆ ಮೇಲಿನ ಹೊಲದವರು ಬರುವುದಿಲ್ಲ, ನೋಡಿದ್ದೇನೆ.

ನಮ್ಮ ತೂಬಿನ ಹಿರಿಯರೊಬ್ಬರಿದ್ದಾರೆ, ಓದಿದ್ದು ಕಡಿಮೆ. ನೀರು ಬಿಡುವ ಹದಿನೈದು ದಿನ ಮೊದಲು ಹೊಲಗಾಲುವೆಯ ಉದ್ದಕ್ಕೂ ಕೊನೆಯಿಂದ ಮೇಲಕ್ಕೆ ನಡೆಯುತ್ತಾರೆ. "ಹೂಳು ಎಲ್ಲಿ ಕಟ್ಟ್ಯಾದಂತ ಕೆಳಗಿಂದ ಬಂದ್ರನ ಗೊತ್ತಾಗ್ತದ" ಅನ್ನುತ್ತಾರೆ. ಜೊತೆಗೆ ಮೇಲಿನ ಹೊಲದವರನ್ನೇ ಕರೆದೊಯ್ಯುತ್ತಾರೆ. ಮೊದಲ ಸರದಿ ಕೊನೆಯವರಿಗೆ. ಡ್ಯಾಮಿನಲ್ಲಿ ನೀರು ಕಡಿಮೆಯಿದ್ದರೆ ಎರಡನೇ ಬೆಳೆ ಜೋಳ, ಕಡಲೆ ಎಂದು ಮೊದಲೇ ಮಾತಾಗುತ್ತದೆ. ಎಲ್ಲರೂ ಕೇಳ್ತಾರಾ? ಇಲ್ಲ. ಒಂದು ವರ್ಷ ಇಬ್ಬರು ಭತ್ತವನ್ನೇ ನಾಟಿ ಮಾಡಿದರು. ಅವರಿಗೂ ಸರದಿಯಷ್ಟೇ ನೀರು ಸಿಕ್ಕಿತು. ಮರುವರ್ಷದ ನಡಿಗೆಗೆ ಅವರಲ್ಲೊಬ್ಬರು ಸಲಿಕೆ ಹಿಡಿದೇ ಬಂದರು, ಇನ್ನೊಬ್ಬರು ಇನ್ನೂ ಬಂದಿಲ್ಲ.