ಶೆಕೆಮಿನ ಮರದ ಬುಡದಲ್ಲಿ

(ಓದತಕ್ಕ ವೇದಭಾಗಗಳು: ಆದಿಕಾಂಡ 35:1–5, ಯೆಹೋಶುವ 24:14–27)

ಪಾಂಡರಿ ಹೊಳೆಯು ಕಾಳೀ ಹೊಳೆಯನ್ನು ಕೂಡುವಲ್ಲಿ ಸೂಪಾ ಎಂಬ ಊರಿತ್ತೆಂಬದನ್ನು ನಮ್ಮ ಸೀಮೆಯ ಹಿರಿಯರು ಬಲ್ಲರು. 1980ರ ದಶಕದಲ್ಲಿ ಅಣೆಕಟ್ಟಿನ ನೀರು ಏರಿ ಆ ಊರು ಮುಳುಗಿತು. ಅನೇಕ ಕುಟುಂಬಗಳು ರಾಮನಗರದಲ್ಲಿ ನೆಲೆಸಿದವು. ಮನೆಯನ್ನೂ ಗದ್ದೆಯನ್ನೂ ಬಿಟ್ಟು ಹೊರಡುವವನು ಗಂಟಿನಲ್ಲಿ ಮೊದಲು ಏನನ್ನು ಕಟ್ಟಿಕೊಳ್ಳುವನು? ಯಾವದರ ಮೇಲೆ ತನಗೆ ಭರವಸವುಂಟೋ ಅದನ್ನೇ. ಕ್ರಿಸ್ತನ ಬಳಿಗೆ ಬಂದ ನಾವೂ ಹಳೆಯ ಮನೆಯನ್ನು ಬಿಟ್ಟು ಬಂದವರಾಗಿದ್ದೇವೆ. ನಮ್ಮ ಗಂಟಿನಲ್ಲಿ ಏನಿದೆ ಎಂಬದೇ ಈ ಪಾಠದ ಪ್ರಶ್ನೆ.

1. ಯಾಕೋಬನ ಮನೆಯ ಗಂಟು. ಯಾಕೋಬನು ಲಾಬಾನನನ್ನು ಬಿಟ್ಟು ಹೊರಟಾಗ ರಾಹೇಲಳು ತಂದೆಯ ಮನೆದೇವರುಗಳನ್ನು ಕದ್ದು, ಒಂಟೆಯ ಸಬರದೊಳಗಿಟ್ಟು, ಅದರ ಮೇಲೆ ಕೂತುಕೊಂಡಳು (ಆದಿ. 31:34). ಮನೆಯ ಯಜಮಾನನಿಗೆ ಅದು ತಿಳಿದಿರಲಿಲ್ಲ. ಹೀಗೆ ದೇವರ ಆಶೀರ್ವಾದ ಹೊಂದಿದವನ ಮನೆಯಲ್ಲಿಯೂ ವಿಗ್ರಹಗಳು ಬಚ್ಚಿಟ್ಟುಕೊಂಡಿದ್ದವು. ಬೇತೇಲಿಗೆ ಏರಿಹೋಗಬೇಕೆಂಬ ಅಪ್ಪಣೆಯಾದ ಮೇಲೆ ಅವನು ತನ್ನ ಮನೆಯವರಿಂದ ಅನ್ಯದೇವರುಗಳನ್ನೂ ಕಿವಿಯ ಮುರುವುಗಳನ್ನೂ ತೆಗೆದುಕೊಂಡು ಶೆಕೆಮಿನ ಬಳಿಯ ಮರದ ಬುಡದಲ್ಲಿ ಹೂಣಿಟ್ಟನು.

2. ಮತ್ತೆ ಅದೇ ಶೆಕೆಮ್. ಬಹುಕಾಲದ ಮೇಲೆ ಯೆಹೋಶುವನು ಜನರನ್ನು ಕೂಡಿಸಿದ ಸ್ಥಳವೂ ಇದೇ. ಅಲ್ಲಿ ಅವನು, ನಿಮ್ಮ ಮಧ್ಯದಲ್ಲಿರುವ ಅನ್ಯದೇವರುಗಳನ್ನು ತೆಗೆದುಬಿಡಿರೆಂದು ಯಾಕೋಬನ ವಂಶದವರಿಗೇ ಹೇಳಬೇಕಾಯಿತು! ಅಜ್ಜನು ಹೂಣಿಟ್ಟದ್ದನ್ನು ಮೊಮ್ಮಕ್ಕಳು ಬೇರೆ ಕಡೆಯಿಂದ ತಂದುಕೊಂಡಿದ್ದರು. ಆದದರಿಂದ ನಮ್ಮ ಹಿರಿಯರು ದೀಕ್ಷಾಸ್ನಾನ ಹೊಂದಿದರೆಂದು ನಾವು ನಿಶ್ಚಿಂತರಾಗಿರಲಾಗದು. ಪ್ರತಿಯೊಂದು ತಲೆಯವರೂ ತಮ್ಮ ಕೈಯಿಂದಲೇ ಹೂಣಿಡತಕ್ಕದ್ದು.

3. ನಮ್ಮ ಮನೆಗಳು. ಮಳೆಗಾಲದ ರಾತ್ರಿಯಲ್ಲಿ ಕೂಸಿಗೆ ಜ್ವರ ಬಂದಿದೆ, ಆಸ್ಪತ್ರೆ ದೂರ, ನೆರೆಮನೆಯ ಅಜ್ಜಿಯು ಮಂತ್ರಿಸಿದ ದಾರವನ್ನು ತರುತ್ತಾಳೆ. ಅವಳು ವೈರಿಯಲ್ಲ, ಕನಿಕರದಿಂದಲೇ ಬಂದವಳು. ಆಗ ಅಜ್ಜಿಗೆ ಕಠಿಣವಾಗಿ ಮಾತಾಡಬಾರದು. ದಾರವನ್ನು ಕಟ್ಟಲೂ ಬಾರದು. ಅವಳನ್ನು ಕೂಡ್ರಿಸಿ ಉಪಚರಿಸಿರಿ, ಸಭೆಯ ಹಿರಿಯರನ್ನು ಪ್ರಾರ್ಥನೆಗೆ ಕರೆಯಿರಿ, ಕೂಸನ್ನು ವೈದ್ಯರ ಬಳಿಗೆ ಒಯ್ಯಿರಿ. ಔಷಧವು ದೇವರ ದಾನ. ದಾರವು ದೇವರ ಮೇಲಿನ ಅಪನಂಬಿಕೆ.

ಜಾತ್ರೆಯ ವಂತಿಗೆಯನ್ನು ಕೊಡದಿದ್ದರೆ ನಾಟಿಗೆ ಆಳು ಬಾರರೆಂಬ ಭಯವೂ ಉಂಟು. ಆ ಭಯವು ಸುಳ್ಳಲ್ಲ. ಊರ ಬಾವಿಗೆ, ದಾರಿಗೆ, ರೋಗಿಯ ಖರ್ಚಿಗೆ ಇತರರಿಗಿಂತ ಮುಂದಾಗಿ ಕೊಡಿರಿ. ನೆರೆಯವನ ಗದ್ದೆಗೆ ಕರೆಯುವ ಮುಂಚೆ ಹೋಗಿರಿ. ಪೂಜೆಗೆ ಮಾತ್ರ ಕೊಡಲಾರೆವೆಂದು ಕೈಮುಗಿದು ಹೇಳಿರಿ. ನಷ್ಟವಾದರೆ ಸಭೆಯು ನಾಟಿಗೆ ಇಳಿಯಲಿ. ಒಬ್ಬನನ್ನೇ ನಷ್ಟಕ್ಕೆ ಬಿಟ್ಟು ನಂಬಿಗಸ್ತನಾಗಿರು ಎಂದು ಉಪದೇಶಿಸುವದು ನಮಗೆ ನಾಚಿಕೆ.

ಇನ್ನೊಂದು ವಿಗ್ರಹಕ್ಕೆ ಗುಡಿಯಿಲ್ಲ, ಜಾತ್ರೆಯಿಲ್ಲ. ಲೋಭವು ವಿಗ್ರಹಾರಾಧನೆಗೆ ಸಮಾನವೆಂದು ಪೌಲನು ಬೋಧಿಸುತ್ತಾನೆ (ಕೊಲೊ. 3:5). ದಾರವನ್ನು ಹರಿದು ಬಿಸಾಡಿ, ಬಡ ಸಹೋದರನಿಂದ ಮಿತಿಮೀರಿದ ಬಡ್ಡಿಯನ್ನು ಕಿತ್ತುಕೊಳ್ಳುವವನು ಇನ್ನೂ ಸಬರದ ಮೇಲೆಯೇ ಕೂತಿದ್ದಾನೆ.

4. ನಮ್ಮ ಒಡೆಯನು. ದಾಂಡೇಲಿಗೆ ಹೆಸರು ಬಂದದ್ದು ದಾಂಡೇಲಪ್ಪನಿಂದ ಎಂದೂ, ಅವನು ಒಡೆಯರಿಗೆ ನಂಬಿಗಸ್ತನಾಗಿದ್ದು ಪ್ರಾಣವನ್ನು ನೀಗಿದ ಸೇವಕನೆಂದೂ ನಮ್ಮ ನೆರೆಯವರು ಹೇಳುತ್ತಾರೆ. ನಾವು ಅವನನ್ನು ಪೂಜಿಸುವದಿಲ್ಲ. ಆದರೆ ಹಾಸ್ಯಮಾಡುವದೂ ಬೇಡ. ಮನುಷ್ಯನಾದ ಒಡೆಯನಿಗೆ ತೋರಿಸಿದ ನಿಷ್ಠೆಯನ್ನು ಲೋಕವು ಇಷ್ಟು ನೆನಸುವದಾದರೆ, ನಮ್ಮ ನಿಷ್ಠೆಯು ಎಷ್ಟಾಗಿರಬೇಕು! ಆ ಕಥೆಯಲ್ಲಿ ಸೇವಕನು ಒಡೆಯನಿಗಾಗಿ ಸತ್ತನು. ಸುವಾರ್ತೆಯಲ್ಲಿ ಒಡೆಯನೇ ಸೇವಕರಿಗಾಗಿ ಸತ್ತನು.

ಈ ಪಾಠವನ್ನು ಓದಿದ ರಾತ್ರಿ ಪ್ರತಿ ಮನೆಯವರೂ ದೀಪದ ಮುಂದೆ ಕೂತು ಒಬ್ಬರನ್ನೊಬ್ಬರು ಕೇಳಿಕೊಳ್ಳಲಿ: ಕಷ್ಟ ಬಂದಾಗ ನಮ್ಮ ಕೈ ಮೊದಲು ಯಾವದನ್ನು ಹುಡುಕುತ್ತದೆ? ಉತ್ತರವು ಸಿಕ್ಕಿದರೆ ಮರದ ಬುಡವು ದೂರವಿಲ್ಲ.