ಕಣ್ಣಿಗೆ ಕಡ್ಡಿ ಹೊಕ್ಕರೆ ಕೀಳಬೇಡಿ

ಟೊಮೆಟೊ ಬಿಡಿಸುವಾಗ ಗಮನವೆಲ್ಲ ಹಣ್ಣಿನ ಮೇಲಿರುತ್ತೆ. ಬಗ್ಗಿದಾಗ ಎದುರಿಗಿರೋ ಊರುಗೋಲಿನ ತುದಿ ಕಾಣೋದೇ ಇಲ್ಲ. ತುದಿಯ ಕಡೆಯಿಂದ ನೋಡಿದರೆ ಅದು ಬರೀ ಒಂದು ಚುಕ್ಕಿ, ರೆಪ್ಪೆ ಮುಚ್ಚೋಕೂ ಸಮಯ ಸಿಗಲ್ಲ. ಜಾಲಿ ಮುಳ್ಳು, ಎತ್ತಿನ ಕೊಂಬು, ಬ್ರಷ್ ಕಟರ್ ಹಾರಿಸುವ ತಂತಿ ಚೂರು, ಎಲ್ಲದರ ಕಥೆಯೂ ಹೆಚ್ಚುಕಮ್ಮಿ ಇದೇ.

ಇಂಥ ಗಾಯದಲ್ಲಿ ನಮಗೆ ಮೋಸ ಮಾಡೋದು ಹೊರನೋಟ. ರೆಪ್ಪೆ ಮೇಲೆ ಸಣ್ಣ ತೂತು, ಎರಡು ಹನಿ ರಕ್ತ, ಅಷ್ಟೇ. ಆದರೆ ಕಣ್ಣುಗುಡ್ಡೆ ಕೂತಿರುವ ಮೂಳೆಯ ಗೂಡು ಸುಮಾರು 4.5 ಸೆಂ.ಮೀ. ಆಳವಿದೆ, ಹಿಂದೆ ಹೋದಂತೆ ಕಿರಿದಾಗುತ್ತೆ. ಒಳಹೊಕ್ಕ ಕಡ್ಡಿ ಗುಡ್ಡೆಯ ಪಕ್ಕದಲ್ಲೇ ಜಾರಿ ಆ ಕಿರಿದಾದ ತುದಿ ಸೇರಬಹುದು. ದೃಷ್ಟಿ ನರ ಮಿದುಳಿಗೆ ಹೋಗೋದು ಅಲ್ಲಿಂದಲೇ. ಗುಡ್ಡೆಗೆ ಏನೂ ಆಗದಿದ್ದರೂ ಆ ನರ ತುಂಡಾದರೆ ದೃಷ್ಟಿ ವಾಪಸ್ ಬರಲ್ಲ. ಗೂಡಿನ ಮೇಲ್ಭಾಗದ ಮೂಳೆ ತೆಳ್ಳಗಿದೆ, ಅದರಾಚೆಗೆ ಮಿದುಳು.

ಇನ್ನು ಕೆಲವರಿಗೆ ನರ ಉಳಿದಿರುತ್ತೆ, ಆದರೆ ಗೂಡಿನೊಳಗೆ ರಕ್ತ ತುಂಬಿ ಒತ್ತಡ ಏರುತ್ತೆ. ಕಣ್ಣು ಮುಂದೆ ಉಬ್ಬಿ ನೋಟ ಮಂಜಾಗುತ್ತಾ ಬಂದರೆ ಇದೇ ಇರಬಹುದು. ವೈದ್ಯರು ಬೇಗ ಒತ್ತಡ ಇಳಿಸಿದರೆ ದೃಷ್ಟಿ ಉಳಿಯೋ ಸಾಧ್ಯತೆ ಇದೆ. ಒಂದೆರಡು ಗಂಟೆ ತಡವಾದರೂ ಕಷ್ಟ. ‘ಬೆಳಿಗ್ಗೆ ನೋಡೋಣ’ ಅನ್ನೋ ಮಾತೇ ಬೇಡ.

ಸಿಕ್ಕಿಕೊಂಡ ಕಡ್ಡಿ ಕೀಳಬೇಡಿ, ರಕ್ತ ಸೋರದಂತೆ ತಡೆದಿರೋದು ಅದೇ ಇರಬಹುದು. ಉಜ್ಜೋದು, ತೊಳೆಯೋದು, ಬಟ್ಟೆ ಒತ್ತಿ ಕಟ್ಟೋದು, ಎಣ್ಣೆ ಬಿಡೋದು ಯಾವುದೂ ಬೇಡ. ಪೇಪರ್ ಲೋಟ ಬೋರಲು ಹಾಕಿ, ಅಂಚು ಹಣೆ ಮತ್ತು ಕೆನ್ನೆಯ ಮೂಳೆ ಮೇಲೆ ಕೂರುವಂತೆ ಟೇಪ್ ಅಂಟಿಸಿ. ಕಡ್ಡಿ ಉದ್ದವಿದ್ದರೆ ಲೋಟದ ತಳ ಕತ್ತರಿಸಿ, ಕಡ್ಡಿಗೆ ತಾಗಿಸಬೇಡಿ. ಆಪರೇಷನ್ ಬೇಕಾಗಬಹುದು, ಹಾಗಾಗಿ ನೀರು, ಕಾಫಿ ಏನೂ ಕೊಡಬೇಡಿ. 108ಕ್ಕೆ ಫೋನ್ ಮಾಡಿ, ಕಣ್ಣಿನ ಸರ್ಜನ್ ಮತ್ತು ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ.

ಮುರಿದು ಉಳಿದ ತುಂಡನ್ನೂ ಜೊತೆಗೆ ಒಯ್ಯಿರಿ. ಒಣ ಮರ ಸಿಟಿ ಸ್ಕ್ಯಾನ್‌ನಲ್ಲಿ ಗಾಳಿಯ ಗುಳ್ಳೆ ಥರ ಕಾಣೋದುಂಟು. ಚುಚ್ಚಿದ್ದು ಮರ ಅಂತ ನೀವು ಹೇಳದಿದ್ದರೆ ಚೂರು ಒಳಗೇ ಉಳಿದು, ವಾರಗಳ ನಂತರ ಕೀವು ಕಟ್ಟಬಹುದು. ಕಬ್ಬಿಣದ ಚೂರಾದರೆ ಎಂಆರ್‌ಐ ಮಾಡುವವರಿಗೆ ಮೊದಲೇ ಹೇಳಿ, ಅಲ್ಲಿನ ಅಯಸ್ಕಾಂತ ಅದನ್ನು ಎಳೆಯುತ್ತೆ. ಟಿಟಿ ಇಂಜೆಕ್ಷನ್ ಬಗ್ಗೆಯೂ ಕೇಳಿ.

ಬ್ರಷ್ ಕಟರ್ ಹಿಡಿಯುವಾಗ ಪಾಲಿಕಾರ್ಬೊನೇಟ್ ಕನ್ನಡಕ ಹಾಕಿ, ಕೂಲಿಂಗ್ ಗ್ಲಾಸ್ ಸಾಲದು. ಊರುಗೋಲು ನೆಟ್ಟ ದಿನವೇ ಪ್ರತಿ ತುದಿಗೂ ಹಳೇ ನೀರಿನ ಬಾಟಲಿ ಬೋರಲು ಹಾಕಿಬಿಡಿ.