ಮನೆಯ ಕಂಪ್ಯೂಟರಿನಲ್ಲಿ ಸಂಘದ ಲೆಕ್ಕ



ಸಂಘದ ಸಾಲದ ಪಟ್ಟಿಯನ್ನು ನಿಮ್ಮಲ್ಲಿ ಕೆಲವರು ಮನೆಯ ಕಂಪ್ಯೂಟರಿನಲ್ಲೇ ಬರೆದಿಡುತ್ತೀರಿ. ಅದರಲ್ಲೇ ಮಗ ಆಟ ಆಡ್ತಾನೆ, ಮೈದುನ ಸಿನಿಮಾ ನೋಡ್ತಾನೆ. ಯಾರ ಕಂತು ಬಾಕಿ ಎಂಬುದು ಸಂಘದೊಳಗಿನ ಮಾತು. ಅದು ಬೀದಿಗೆ ಬಿದ್ದರೆ ಆ ಸದಸ್ಯೆ ಮುಂದಿನ ವಾರ ಸಭೆಗೆ ಬರೋದೇ ಇಲ್ಲ.

ಫೈಲನ್ನು 'ಹಿಡನ್' ಮಾಡಿದರೆ ಸಾಕು ಅಂತ ಕೆಲವರು ಹೇಳ್ತಾರೆ. ಸಾಲದು. ಅದು ಸಾಸಿವೆ ಡಬ್ಬಿಯಲ್ಲಿ ದುಡ್ಡು ಬಚ್ಚಿಟ್ಟ ಹಾಗೆ, ಮನೆಯವರಿಗೆಲ್ಲ ಗೊತ್ತು! ವಿಂಡೋಸ್‌ನಲ್ಲಿ ಒಬ್ಬೊಬ್ಬರಿಗೂ ಬೇರೆ ಯೂಸರ್ ಅಕೌಂಟ್ ಮಾಡಿ, ನಿಮ್ಮದಕ್ಕೆ ಪಾಸ್‌ವರ್ಡ್ ಹಾಕಿ. ಕಂಪ್ಯೂಟರ್ ತಂದ ದಿನ ಮಗನೇ ಎಲ್ಲ ಜೋಡಿಸಿದ್ದರೆ 'ಅಡ್ಮಿನಿಸ್ಟ್ರೇಟರ್' ಅವನೇ ಆಗಿರ್ತಾನೆ. ಆ ಅಧಿಕಾರ ಇದ್ದವರು ಉಳಿದವರ ಫೈಲನ್ನೂ ತೆರೆಯಬಲ್ಲರು. ಅದನ್ನು ನಿಮ್ಮ ಅಕೌಂಟಿಗೆ ಕೊಡಿಸಿಕೊಂಡು ಅವನದನ್ನು 'ಸ್ಟ್ಯಾಂಡರ್ಡ್' ಮಾಡಿ. ಒಲೆಯ ಮೇಲಿನ ಹಾಲು ನೋಡಲು ಏಳುವಾಗ ವಿಂಡೋಸ್ ಕೀ ಜೊತೆ 'ಎಲ್' ಒತ್ತಿ, ಪರದೆಗೆ ಬೀಗ ಬೀಳುತ್ತದೆ.

ಎಕ್ಸೆಲ್ ಫೈಲಿಗೆ ಇನ್ನೊಂದು ಬೀಗವಿದೆ: ಫೈಲ್, ಇನ್ಫೋ, ಪ್ರೊಟೆಕ್ಟ್ ವರ್ಕ್‌ಬುಕ್, ಎನ್‌ಕ್ರಿಪ್ಟ್ ವಿತ್ ಪಾಸ್‌ವರ್ಡ್. ಇದನ್ನು ಮರೆತರೆ ಮೈಕ್ರೋಸಾಫ್ಟ್‌ನವರೂ ತೆರೆದುಕೊಡಲಾರರು. ಆದ್ದರಿಂದ ಚೀಟಿಯಲ್ಲಿ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಸಂಘದ ಪೆಟ್ಟಿಗೆಯಲ್ಲಿಡಿ. ಮಾನಿಟರಿಗೆ ಮಾತ್ರ ಅಂಟಿಸಬೇಡಿ; ಅದನ್ನೂ ನಾನು ಕಣ್ಣಾರೆ ನೋಡಿದ್ದೇನೆ.